ಕಲೆ ಮುಚ್ಚುವ ಕ್ರೀಮು

ಕಪ್ಪು ಕನ್ನಡಕದವಳು ಕ್ರೀಮಿನ ಟ್ಯೂಬನ್ನು ಕೌಂಟರಿನ ಗಾಜಿನ ಮೇಲಿಟ್ಟು, ಬಣ್ಣ ಹೊಂದಲಿಲ್ಲ, ಇದಕ್ಕಿಂತ ಎರಡು ಶೇಡ್ ತಿಳಿಯಾದದ್ದು ಬೇಕು ಎಂದಾಗಲೇ ಬಣ್ಣದಕ್ಕನಿಗೆ ಅನುಮಾನ ಬಂದದ್ದು.

ಬಣ್ಣದಕ್ಕ ಎಂಬುದು ಅಂಗಡಿಯ ಹುಡುಗಿಯರು ಇಟ್ಟ ಹೆಸರು. ಹನ್ನೊಂದು ವರ್ಷದಿಂದ ಅಲ್ಲಿ ಮೇಕಪ್ ಕೌಂಟರು ಅವಳದೇ. ಹೊಸ ಸರಕು ಬಂದರೆ ಮೊದಲು ತನ್ನ ಕೆನ್ನೆಗೇ ಹಚ್ಚಿಕೊಂಡು ದಿನವಿಡೀ ಓಡಾಡಿ, ಬೆವರಿಗೆ ಇಳಿಯುತ್ತದೋ ಇಲ್ಲವೋ ನೋಡಿ, ಆಮೇಲೆ ಮಾರುವ ಹೆಂಗಸು. ಗಿರಾಕಿಯ ಮುಖ ಕಂಡ ತಕ್ಷಣ ಶೇಡಿನ ನಂಬರು ಹೇಳುತ್ತಿದ್ದಳು. ತಪ್ಪಿದ್ದು ಕಡಿಮೆ.

ಈ ಗಿರಾಕಿಯ ಮುಖವನ್ನೇ ಅವಳು ಕಂಡಿರಲಿಲ್ಲ. ಸ್ಕೂಟರಿನಲ್ಲಿ ಬರುತ್ತಿದ್ದವಳು ಮುಖಕ್ಕೆ ದುಪಟ್ಟಾ ಸುತ್ತಿ, ಮೇಲೆ ಕನ್ನಡಕ ಏರಿಸಿ, ಅಂಗಡಿಯೊಳಗೂ ಎರಡನ್ನೂ ತೆಗೆಯುತ್ತಿರಲಿಲ್ಲ. ಶೇಡು ನೋಡಬೇಕಾದದ್ದು ದವಡೆಯ ಮೇಲೆ. ಹೊಸ ಹುಡುಗಿಯರು ಅದನ್ನು ಮರೆತರೆ ಬಣ್ಣದಕ್ಕ ಬೆಂಡೆತ್ತುತ್ತಿದ್ದಳು. ಇವಳಿಗೆ ಮಾತ್ರ ಮುಂಗೈ ಮೇಲೆ ಹಚ್ಚಿ ತೋರಿಸಿದ್ದಳು. ಮುಖ ತೋರಿಸಿ ಎನ್ನಲು ಬಾಯಿ ಬಂದಿರಲಿಲ್ಲ.

ಯಾಕೆಂದರೆ ಬಣ್ಣದಕ್ಕನೂ ನಾಲ್ಕು ವರ್ಷ ಹೀಗೇ ಕನ್ನಡಕ ಹಾಕಿಕೊಂಡು ತಿರುಗಿದವಳು. ಬಾಗಿಲು ತಗುಲಿತು, ಮೆಟ್ಟಿಲು ಜಾರಿತು ಎಂದು ಹೇಳಿ ಹೇಳಿ ಸುಸ್ತಾದವಳು. ಗಂಡನ ಮನೆ ಬಿಟ್ಟು ಬಂದ ದಿನ ಒಂದು ನರಪಿಳ್ಳೆಯೂ ಜೊತೆಗಿರಲಿಲ್ಲ. ಎಲ್ಲರಿಗೂ ಗೊತ್ತಿತ್ತು, ಎಲ್ಲರೂ ಬಾಯಿಗೆ ಬೀಗ ಹಾಕಿಕೊಂಡಿದ್ದರು. ಆ ಸಿಟ್ಟು ಅವಳಲ್ಲಿ ಇನ್ನೂ ಇಳಿದಿಲ್ಲ. ಹೊಡೆದವನ ಮೇಲಿನದಕ್ಕಿಂತ ಅದೇ ಒಂದು ಕೈ ಹೆಚ್ಚು.

“ಕಲೆ ಯಾವ ಬಣ್ಣದ್ದು?” ಎಂದು ಮೆಲ್ಲಗೆ ಕೇಳಿದಳು.

ಕನ್ನಡಕದವಳು ದುಪಟ್ಟಾ ಬಿಗಿ ಮಾಡಿಕೊಂಡಳು. “ಮೊದಲು ಕೆಂಪು. ಎರಡು ದಿನಕ್ಕೆ ನೀಲಿ. ಆಮೇಲೆ ಹಳದಿಗೆ ತಿರುಗತ್ತೆ.”

ಇನ್ನು ಕೇಳುವುದೇನೂ ಉಳಿದಿರಲಿಲ್ಲ. ಅವಳ ಬಲಗೈಯ ಬೆರಳ ಗೆಣ್ಣುಗಳು ತರಚಿದ್ದವು. ಪಾಪ, ತಡೆಯಲು ಹೋಗಿ ಆದದ್ದು ಎಂದುಕೊಂಡಳು ಬಣ್ಣದಕ್ಕ. ಎರಡು ಶೇಡ್ ತಿಳಿ ಯಾಕೆ ಎಂಬುದೂ ಹೊಳೆಯಿತು. ಮುಚ್ಚಿಕೊಂಡೇ ಬದುಕುವ ಮುಖಕ್ಕೆ ಬಿಸಿಲು ಎಲ್ಲಿ ತಾಗಬೇಕು?

ಅಂದು ಅವಳು ತನ್ನ ವಿದ್ಯೆಯನ್ನೆಲ್ಲ ಬಿಚ್ಚಿದಳು. ಕೆಂಪಿಗೆ ಮೊದಲು ಹಸಿರು, ನೀಲಿಗೆ ಕಿತ್ತಳೆ, ಅದರ ಮೇಲೆ ಚರ್ಮದ ಬಣ್ಣ. ಉಜ್ಜಬಾರದು, ಬೆರಳ ತುದಿಯಿಂದ ತಟ್ಟಬೇಕು. ಕೊನೆಗೆ ಪೌಡರು. ಕನ್ನಡಕದವಳು ಪಾಠ ಕೇಳುವವಳಂತೆ ಕೇಳಿದಳು. ದಿಂಬಿಗೆ ಅಂಟುತ್ತದೆಯೇ, ಕಣ್ಣೀರಿಗೆ ಇಳಿಯುತ್ತದೆಯೇ, ಡಾಕ್ಟರು ಹತ್ತಿರದಿಂದ ನೋಡಿದರೂ ಗೊತ್ತಾಗದೆ ಇರುತ್ತದೆಯೇ ಎಂದು ಒಂದೊಂದೇ ವಿಚಾರಿಸಿದಳು.

ಆಮೇಲೆ ಮೂರು ತಿಂಗಳು ಬಣ್ಣದಕ್ಕನಿಗೆ ಅದೇ ಧ್ಯಾನ. ಕಲೆ ಮುಚ್ಚುವ ಹೊಸ ಕ್ರೀಮು ಬಂದಾಗಲೆಲ್ಲ ನೇರಳೆ ಐಶ್ಯಾಡೋ ಬಳಿದು ತನ್ನ ಕೆನ್ನೆಯ ಮೇಲೇ ಒಂದು ಏಟಿನ ಗುರುತು ಬರೆದುಕೊಳ್ಳುತ್ತಿದ್ದಳು. ಅದನ್ನು ಮುಚ್ಚಿ, ಬಿಳಿ ದಿಂಬಿನ ಮೇಲೆ ಅರ್ಧ ಗಂಟೆ ಮಲಗಿ ಎದ್ದು ನೋಡುತ್ತಿದ್ದಳು. ದಿಂಬು ಬಿಳಿಯಾಗೇ ಉಳಿದರೆ ಆ ಟ್ಯೂಬು ಕನ್ನಡಕದವಳಿಗೆಂದು ಪಕ್ಕಕ್ಕೆ. ಜೊತೆಗೆ ಸ್ಯಾಂಪಲ್ ಪೊಟ್ಟಣದೊಳಗೆ ಮಹಿಳಾ ಆಶ್ರಯದ ಫೋನ್ ನಂಬರು ಬರೆದ ಚೀಟಿ. ಅಲ್ಲಿನ ಮೇಲ್ವಿಚಾರಕಿಗೆ ಒಂದು ಹಾಸಿಗೆ ಖಾಲಿ ಇಟ್ಟಿರಲು ಹೇಳಿಯೂ ಆಗಿತ್ತು. ಆದರೆ ಕನ್ನಡಕದವಳು ಯಾವತ್ತೂ ಅಲ್ಲಿಗೆ ಫೋನ್ ಮಾಡಲಿಲ್ಲ.

“ನೀವು ಏನೂ ಕೇಳದೆ ಅರ್ಥ ಮಾಡ್ಕೊಂಡ್ರಿ. ಅದೇ ದೊಡ್ಡದು,” ಎಂದು ಒಮ್ಮೆ ಹೇಳಿದ್ದಳು, ಅಷ್ಟೇ.

ಒಂದು ಬೆಳಗ್ಗೆ ಅಂಗಡಿಗೇ ಅವಳ ಫೋನ್ ಬಂತು. ಮಧ್ಯಾಹ್ನ ಗಂಡನ ತಂಗಿ ಊರಿಂದ ಬರುತ್ತಾಳಂತೆ. “ಈ ಸಲ ಸ್ವಲ್ಪ ಜಾಸ್ತಿ ಆಗಿದೆ. ನನ್ನ ಕೈಲಿ ಮುಚ್ಚೋಕೆ ಆಗ್ತಿಲ್ಲ. ಒಂದ್ಸಲ ಮನೆಗೆ ಬರ್ತೀರಾ?”

“ಯಜಮಾನ್ರು ಮನೇಲಿದಾರಾ?”

“ಇದ್ದಾರೆ. ಎಲ್ಲಿ ಹೋಗ್ತಾರೆ.”

“ನಾನು ಬಂದಿದ್ದಕ್ಕೆ ಏನಾದ್ರೂ ಅಂದ್ರೆ?”

“ಏನೂ ಅನ್ನಲ್ಲ. ಬನ್ನಿ.”

ಬಣ್ಣದಕ್ಕ ರಜೆ ಹೇಳಿ ಹೊರಟಳು. ಮೇಕಪ್ ಪೆಟ್ಟಿಗೆ ನೆಪಕ್ಕೆ ಮಾತ್ರ. ಇವತ್ತು ಮುಚ್ಚುವುದಿಲ್ಲ, ಅವಳನ್ನು ಕೈಹಿಡಿದು ಕರೆದುಕೊಂಡೇ ಬರುವುದು. ನನಗೆ ಯಾರೂ ಮಾಡದ್ದನ್ನು ನಾನು ಇವಳಿಗೆ ಮಾಡುತ್ತೇನೆ ಎಂದು ಬಸ್ಸಿನಲ್ಲಿ ಕೂತು ಗಟ್ಟಿ ಮಾಡಿಕೊಂಡಳು. ಆ ಗಂಡ ಅಡ್ಡ ಬಂದರೆ ಬೈಯಬೇಕಾದ ಮಾತುಗಳನ್ನು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಜೋಡಿಸಿದಳು. ಹದಿನೈದು ವರ್ಷದ ಹಿಂದೆ ಬೇರೊಬ್ಬನಿಗೆ ಹೇಳಬೇಕಾಗಿದ್ದ ಮಾತುಗಳೇ ಅವು.

ಎರಡನೆಯ ಮಹಡಿಯ ಮನೆ. ಬೆಲ್ ಒತ್ತಿದಳು. ಬಾಗಿಲು ತೆರೆಯಿತು. ದುಪಟ್ಟಾ ಇಲ್ಲದ, ಕನ್ನಡಕವಿಲ್ಲದ ಆ ಮುಖವನ್ನು ಬಣ್ಣದಕ್ಕ ಮೊದಲ ಸಲ ನೋಡಿದಳು. ಕಣ್ಣು, ಕೆನ್ನೆ, ದವಡೆ, ಎಲ್ಲಿಯೂ ಒಂದು ಸಣ್ಣ ಕಲೆಯೂ ಇರಲಿಲ್ಲ. ಮೇಕಪ್ಪೂ ಇರಲಿಲ್ಲ.

“ಬನ್ನಿ, ಬನ್ನಿ, ಟೈಮಿಲ್ಲ,” ಎಂದು ಅವಳು ಒಳಕೋಣೆಗೆ ನಡೆದಳು.

ಅಲ್ಲಿ ಮಂಚದ ಮೇಲೆ, ಲಕ್ವ ಹೊಡೆದು ಎರಡು ವರ್ಷದಿಂದ ಬಿಸಿಲು ಕಾಣದೆ ಬಿಳಿಚಿಕೊಂಡಿದ್ದ ಗಂಡ, ಕಣ್ಣಿನಿಂದ ದವಡೆಯವರೆಗೆ ನೀಲಿಗಟ್ಟಿದ ಮುಖ ಹೊತ್ತು ಮಲಗಿದ್ದ. ದಿಂಬು ಸರಿಪಡಿಸಲು ಹೆಂಡತಿ ಕೈ ಎತ್ತಿದ್ದೇ ತಡ, ಬಿಗಿಯಾಗಿ ಕಣ್ಣು ಮುಚ್ಚಿಕೊಂಡ.