ಬೆನ್ನು ಮಾಡಿ ನಿಂತವನು

ಕಾಲೇಜಿನ ಗೋಡೆಗೆ ಅಂಟಿಸಿದ್ದ ಕೆಂಪು ಹಾಳೆಯಲ್ಲಿ ನೂರಾ ಹನ್ನೊಂದಾದ ಮೇಲೆ ನೇರವಾಗಿ ನೂರಾ ಇಪ್ಪತ್ತಿತ್ತು. ಗೆಂಗ್ ದೆಶುನ್ ಬೆರಳಿಟ್ಟು ಮೂರು ಸಲ ಓದಿದ. ಮಗ ಲಿಬಿನ್‌ನ ಎದೆಗೆ ಚುಚ್ಚಿದ್ದ ಚೀಟಿಯಲ್ಲಿದ್ದದ್ದು ನೂರಾ ಹದಿನೆಂಟು. ಬೀಜಿಂಗಿನ ಆ ನಾಟಕದ ಕಾಲೇಜಿನಲ್ಲಿ ಎರಡನೇ ಸುತ್ತಿಗೇ ಹುಡುಗನ ಕತೆ ಮುಗಿದಿತ್ತು.

"ಇಷ್ಟು ವರ್ಷ ನನ್ನ ಅಂಗಡಿ ಕನ್ನಡಿ ಮುಂದೆ ನಿಂತು ಅತ್ತಿದ್ದೇ ಅತ್ತಿದ್ದು. ಕ್ಷೌರಕ್ಕೆ ಬಂದ ಗಿರಾಕಿಗಳೆಲ್ಲ ಏನಾಯ್ತಪ್ಪ ಅಂತ ಹೆದರ್ತಿದ್ರು. ಇಲ್ಲಿ ಬಂದು ಅಳೋದಕ್ಕೆ ಏನಾಗಿತ್ತೋ ನಿನಗೆ?" ಎಂದ ಗೆಂಗ್.

"ನಾಡಿದ್ದು ಇನ್ನೊಂದು ಕಾಲೇಜಿನ ಪರೀಕ್ಷೆ ಇದೆಯಲ್ಲಪ್ಪ," ಎಂದ ಲಿಬಿನ್. ಅಷ್ಟೇ. ಒಳಗೆ ಏನಾಯಿತೆಂದು ನಿನ್ನೆಯಿಂದಲೂ ಬಾಯಿ ಬಿಟ್ಟಿರಲಿಲ್ಲ. ಹೊಸ ವರ್ಷದ ಮೊದಲ ತಿಂಗಳು ಕೂದಲು ಕತ್ತರಿಸಿಕೊಂಡರೆ ಸೋದರಮಾವನಿಗೆ ಕೇಡು ಎಂದು ಅವರ ಊರು ಅನ್ಯಾಂಗಿನಲ್ಲಿ ಯಾರೂ ಅಂಗಡಿಯ ಕಡೆ ತಲೆ ಹಾಕುವುದಿಲ್ಲ. ಅದಕ್ಕೇ ಗೆಂಗ್‌ಗೆ ಮಗನ ಜೊತೆ ಬರುವಷ್ಟು ಬಿಡುವು ಸಿಕ್ಕಿದ್ದು. ಬಂದದ್ದಕ್ಕೆ ಇದೇ ಭಾಗ್ಯ ಎಂದುಕೊಂಡು ಅವನು ಟೋಪಿಯನ್ನು ಕಿವಿಯವರೆಗೆ ಎಳೆದುಕೊಂಡ.

"ಅಣ್ಣಾ! ನೂರಾ ಹದಿನೆಂಟು! ನಿಲ್ಲೋ ಅಣ್ಣಾ!"

ಒಬ್ಬ ಹುಡುಗಿ ಜನರ ನಡುವೆ ನುಗ್ಗಿ ಓಡಿ ಬಂದಳು. ಅವಳ ಎದೆಯ ಮೇಲೆ ನೂರಾ ಇಪ್ಪತ್ತು. ಹಿಂದೆಯೇ ಏದುಸಿರು ಬಿಡುತ್ತ ಅವಳ ತಾಯಿ. ಹುಡುಗಿ ಲಿಬಿನ್‌ನ ಮುಂದೆ ಸೊಂಟ ಬಗ್ಗಿಸಿ ನಮಸ್ಕರಿಸಿದಳು. ತಲೆಯೆತ್ತಿದಾಗ ಅವಳ ಕಣ್ಣು ತುಂಬಿತ್ತು. ಲಿಬಿನ್ ಬೂಟಿನ ತುದಿಯಿಂದ ನೆಲದ ಮಂಜುಗಡ್ಡೆ ಕೆದಕುತ್ತ ನಿಂತ.

"ನೀವು ಇವನ ತಂದೆಯಾ ಅಣ್ಣಾವ್ರೇ?" ಎಂದಳು ತಾಯಿ. "ನಾವು ಸಮುದ್ರದ ದಡದ ದಾಲಿಯನ್ನಿನವರು. ಇವಳು ಯಾಚಿನ್. ಎಂಥಾ ಮಗನ್ನ ಹೆತ್ತಿದೀರಿ! ಅವನು ಮಾಡಿದ್ದನ್ನ ನಿಮಗೆ ಹೇಳಿರ್ತಾನಲ್ಲ?"

"ಅವನು ಹೇಳೋ ಪೈಕಿಯಾ?"

ಯಾಚಿನ್ ಹೇಳಿದಳು. ಆರು ಜನರನ್ನು ಒಟ್ಟಿಗೆ ಒಳಗೆ ಬಿಟ್ಟು, 'ಆಸ್ಪತ್ರೆಯ ಮೊಗಸಾಲೆ, ಆಡಿ ತೋರಿಸಿ' ಎಂದರಂತೆ. ಉಳಿದವರೆಲ್ಲ ಪರೀಕ್ಷಕರ ಕಣ್ಣಿಗೆ ಬೀಳಲು ಒಬ್ಬರ ಮೇಲೊಬ್ಬರು ಕಿರುಚಾಡಿದರಂತೆ. ಇವಳ ಬಾಯಿಂದ ಮಾತ್ರ ಒಂದು ಮಾತೂ ಹೊರಡಲಿಲ್ಲ. ಗೋಡೆಗೊರಗಿ ಕಲ್ಲಾಗಿ ನಿಂತುಬಿಟ್ಟಳು.

"ಆಗ ಅಣ್ಣ ಬಂದ. 'ಇವಳು ನನ್ನ ತಂಗಿ. ಅಮ್ಮನ್ನ ಒಳಗೆ ಕರ್ಕೊಂಡು ಹೋದಾಗಿಂದ ಮಾತು ನಿಂತುಹೋಗಿದೆ. ಯಾರೂ ಮಾತಾಡಿಸ್ಬೇಡಿ' ಅಂದ. ತನ್ನ ಕೋಟು ಬಿಚ್ಚಿ ನನಗೆ ಹೊದಿಸಿದ. ಆಮೇಲೆ ಪರೀಕ್ಷಕರ ಕಡೆಗೆ ಬೆನ್ನು ಮಾಡಿ ನಿಂತು, ಕೊನೆವರೆಗೂ ನನ್ನ ಮುಖಾನೇ ನೋಡ್ತಿದ್ದ. ನನಗೆ ಅಳು ಬಂತು. ಆಟದ ಅಳು ಅಲ್ಲ, ನಿಜವಾದ ಅಳು. ಪರೀಕ್ಷಕರೆಲ್ಲ ನನ್ನನ್ನೇ ನೋಡಿದ್ರು."

"ಬೆನ್ನು ಮಾಡಿ ನಿಂತ್ಯಾ?" ಗೆಂಗ್ ಮಗನತ್ತ ತಿರುಗಿದ. "ಪರೀಕ್ಷೆ ಕೊಡೋಕೆ ಬಂದು ಪರೀಕ್ಷಕರಿಗೇ?"

"ಅವಳು ಒಬ್ಬಳೇ ನಿಂತಿದ್ಲಪ್ಪ," ಎಂದ ಲಿಬಿನ್.

ಗೆಂಗ್ ಬೈಯಲೆಂದು ಬಾಯಿ ತೆರೆದ. ಅಷ್ಟರಲ್ಲಿ ಯಾಚಿನ್‌ಳ ತಾಯಿ ಒಣಸೀಗಡಿಯ ದೊಡ್ಡ ಪೊಟ್ಟಣವೊಂದನ್ನು ಅವನ ಕೈಗೆ ತುರುಕಿದಳು. ಬೇಡ ಎಂದರೂ ಬಿಡಲಿಲ್ಲ. "ಇಟ್ಕೊಳ್ಳಿ ಅಣ್ಣಾವ್ರೇ, ನಮ್ಮ ಸಮುದ್ರದ್ದು."

"ನಾಳೆ ಮೂರನೇ ಸುತ್ತು," ಎಂದಳು ಯಾಚಿನ್, ದನಿ ಇಳಿಸಿ. "ಮತ್ತೆ ಹಾಗೇ ಗುಂಪಿನಲ್ಲಿ ಆಡಿಸ್ತಾರಂತೆ. ನೀನು ಇರಲ್ಲ. ನಾಳೇನೂ ಬಾಯಿ ಕಟ್ಟಿಹೋದ್ರೆ?"

ಲಿಬಿನ್ ಕ್ಷಣ ಯೋಚಿಸಿದ. ಆಮೇಲೆ ಅಲ್ಲೇ ಕಾಲುದಾರಿಯಲ್ಲಿ ನಾಲ್ಕು ಹೆಜ್ಜೆ ಅಳೆದ. "ಸರಿ, ಈಗಲೇ ಆಡೋಣ. ಇದು ಬಸ್ ನಿಲ್ದಾಣ. ನಾನು ಊರು ಬಿಟ್ಟು ಹೊರಟವನು. ನೀನು ಕಂಡಕ್ಟರು. ಅಪ್ಪಾ, ನೀನು ನನ್ನನ್ನ ಕಳಿಸೋಕೆ ಬಂದಿದೀಯ."

"ನಾನಾ? ಕತ್ತರಿ ಬಿಟ್ಟರೆ ನನಗೇನೋ ಗೊತ್ತು?"

"ಬಾಯಿಗೆ ಬಂದದ್ದು ಹೇಳು. ಶುರು!"

ಯಾಚಿನ್‌ಳ ತಾಯಿಯ ತುಟಿಗಳು ಮಗಳಿಗಿಂತ ಮೊದಲೇ ಅಲುಗುತ್ತಿದ್ದವು. "ಹತ್ತಿ, ಹತ್ತಿ!" ಎಂದಳು ಹುಡುಗಿ ಮೆಲ್ಲಗೆ. ಆಮೇಲೆ ದಾರಿಹೋಕರು ತಿರುಗಿ ನೋಡುವಷ್ಟು ಜೋರಾಗಿ, "ಬೇಗ ಹತ್ರೀ! ಹಿರಿಯರೇ, ಮಗನನ್ನ ಬಿಡ್ತೀರೋ, ನಿಮ್ಮನ್ನೂ ಹತ್ತಿಸ್ಕೊಂಡು ಹೋಗ್ಲೋ?"

ಗೆಂಗ್ ಸೀಗಡಿಯ ಪೊಟ್ಟಣವನ್ನು ಕಂಕುಳಲ್ಲಿ ಒತ್ತಿಕೊಂಡು ಮಗನ ಹತ್ತಿರ ಹೋದ. ಬಿಚ್ಚಿಕೊಂಡಿದ್ದ ಕೋಟಿನ ಕಾಲರಿಗೆ ಗುಂಡಿ ಹಾಕಿದ.

"ನಿನ್ನ ಈ ವಿದ್ಯೆ ನನಗೆ ಅರ್ಥ ಆಗಲ್ಲ ಕಣೋ," ಎಂದ. "ಅಂಗಡಿಗೆ ಬಂದವರಿಗೆಲ್ಲ, ನನ್ನ ಮಗ ಯಾವುದಕ್ಕೂ ಬಾರದವನು ಅಂತ ಹೇಳ್ತಿದ್ದೆ. ನಗಿಸೋಕೆ ಹೇಳ್ತಿದ್ದೆ. ನೀನು ಮೂಲೆಯಲ್ಲಿ ಟವೆಲ್ ಮಡಚ್ತಾ ಕೇಳಿಸ್ಕೊಂಡಿರ್ತೀಯ. ಇನ್ಮೇಲೆ ಹೇಳಲ್ಲ. ಹೋಗಿ ಬಾ. ಬೆಚ್ಚಗೆ ಇರು."

ಯಾಚಿನ್‌ಳ ತಾಯಿ ಕೈಗವಸಿನಲ್ಲೇ ಚಪ್ಪಾಳೆ ತಟ್ಟಿದಳು.

"ಅಯ್ಯಯ್ಯೋ, ಎಷ್ಟು ಚೆನ್ನಾಗಿ ಆಡಿದ್ರಿ ಅಣ್ಣಾವ್ರೇ! ನಿಮ್ಮನ್ನೇ ಪರೀಕ್ಷೆಗೆ ಕಳಿಸ್ಬೇಕಿತ್ತು!"

ಗೆಂಗ್‌ನ ಕೈ ಇನ್ನೂ ಮಗನ ಕಾಲರಿನ ಮೇಲೇ ಇತ್ತು.