ಲಚ್ಚಿಯ ಮೂಗಿನ ಫೋಟೋ

ಎಂಟು ತಿಂಗಳಿಂದ ಸಾಕಮ್ಮನ ಬಾಯಲ್ಲಿ ಒಂದೇ ಮಾತು... "ಹೂಂ."

ಗದ್ದೆಗೆ ಹೋದ ಗಂಡ ಜವರಯ್ಯ ಎದೆ ಹಿಡಿದುಕೊಂಡು ಬದುವಿನ ಮೇಲೆ ಕೂತವನು ಮತ್ತೆ ಏಳಲಿಲ್ಲ.

ಸುದ್ದಿ ತಂದವರಿಗೂ ಅವಳು "ಹೂಂ" ಅಂದಳು ಅಷ್ಟೇ. ಒಂದು ಹನಿ ಕಣ್ಣೀರು ಬರಲಿಲ್ಲ.

ಊರ ಬಾಯಿಗೆ ಬೀಗ ಹಾಕುವವರು ಯಾರು? "ಕಲ್ಲೆದೆ ಕಣಮ್ಮಿ ಅವಳ್ದು" ಅಂದರು. ಅದು ಕಿವಿಗೆ ಬಿದ್ದರೂ ಸಾಕಮ್ಮನಿಗೆ ಸಿಟ್ಟು ಬರಲಿಲ್ಲ. ಸಿಟ್ಟು ಬರಬೇಕಾದರೂ ಒಳಗೆ ಏನಾದರೂ ಇರಬೇಕಲ್ಲ...

ಸಾರಿಗೆ ಎರಡು ಸಲ ಉಪ್ಪು ಬೀಳುತ್ತಿತ್ತು. ಉಣ್ಣುವಾಗ ಅವಳಿಗೆ ಗೊತ್ತೇ ಆಗುತ್ತಿರಲಿಲ್ಲ.

ಗೋಡೆಯ ಮೇಲೆ ಗಂಡನ ಫೋಟೋ ಇತ್ತು. ವೋಟರ್ ಕಾರ್ಡಿನ ಚಿತ್ರವನ್ನೇ ಸ್ಟುಡಿಯೋದವರು ದೊಡ್ಡದು ಮಾಡಿ, ಯಾರದೋ ಕೋಟು ತೊಡಿಸಿ ಕೊಟ್ಟಿದ್ದರು. ಜನ್ಮದಲ್ಲಿ ಕೋಟು ಹಾಕದ ಮನುಷ್ಯ... ಅದನ್ನು ನೋಡಿದಾಗಲೆಲ್ಲ ಯಾರೋ ಬೇರೆಯವರು ಅನ್ನಿಸುತ್ತಿತ್ತು.

ಕೊಟ್ಟಿಗೆಯಲ್ಲಿ ಉಳಿದಿದ್ದವಳು ಲಚ್ಚಿ. ಜವರಯ್ಯ ಕರುವಿನಿಂದ ಸಾಕಿದ ಕಪ್ಪು ಬಿಳುಪಿನ ಹಸು.

"ಒಬ್ಳೇ ಹೆಂಗ್ ನೋಡ್ಕತೀಯ ಅಕ್ಕ? ಮಾರ್ಬುಡು" ಅಂದ ತಮ್ಮ.

"ಹೂಂ" ಅಂದಳು.

ಪಕ್ಕದೂರಿನ ಮಾದಪ್ಪನನ್ನು ತಮ್ಮನೇ ಗೊತ್ತು ಮಾಡಿದ. ದಿನವೂ ನಿಗದಿಯಾಯಿತು.

ಆ ದಿನ ಬೆಳಿಗ್ಗೆ, ಮನೆ ಬಿಟ್ಟು ಹೋಗುವ ಹಸುವಿಗೆ ಮಾಡಬೇಕಾದ್ದನ್ನೆಲ್ಲ ಸಾಕಮ್ಮ ಮಾಡಿದಳು. ಮೈ ತೊಳೆದಳು, ಅಕ್ಕಿ ಬೆಲ್ಲ ತಿನ್ನಿಸಿದಳು, ಮುಖಕ್ಕೆ ಅರಿಶಿನ ಹಚ್ಚಿದಳು.

ಕೈ ತನ್ನ ಪಾಡಿಗೆ ಕೆಲಸ ಮಾಡುತ್ತಿತ್ತು... ಮನಸ್ಸು ಎಲ್ಲೂ ಇರಲಿಲ್ಲ. ಹಣೆಗೆ ಹಚ್ಚಬೇಕಾದ ಅರಿಶಿನವನ್ನು ಮೂಗಿನ ತುದಿಯವರೆಗೂ ಬಳಿದುಬಿಟ್ಟಿದ್ದಳು.

ಹತ್ತು ಗಂಟೆಗೆ ಡೈರಿಯ ಪಶುವೈದ್ಯೆ ಮುಬೀನಾ ಬಂದರು. ಲಚ್ಚಿಯ ವಿಮೆ ಮಾದಪ್ಪನ ಹೆಸರಿಗೆ ಬದಲಾಗಬೇಕಾದರೆ, ಇದು ವಿಮೆ ಮಾಡಿಸಿದ ಹಸುವೇ ಎಂದು ಡಾಕ್ಟರ ಫೋನ್ ಒಪ್ಪಬೇಕು. ಮೂಗಿನ ಫೋಟೋ ತೆಗೆದರೆ ಸಾಕು. ಮನುಷ್ಯರ ಹೆಬ್ಬೆಟ್ಟಿನ ಹಾಗೆಯೇ, ಒಂದು ಹಸುವಿನ ಮೂಗಿನ ಗೆರೆ ಇನ್ನೊಂದಕ್ಕೆ ಇರುವುದಿಲ್ಲ.

ತಮ್ಮನ ಜೊತೆ ಬಂದಿದ್ದ ಮಾದಪ್ಪ ಹಗ್ಗ ಹಿಡಿದ. ಡಾಕ್ಟರ್ ಫೋಟೋ ತೆಗೆದರು.

'ಗುರುತು ಸಿಗಲಿಲ್ಲ' ಎಂದಿತು ಫೋನ್.

ಮೂಗು ಒರೆಸಲು ಹೋದರೆ ಲಚ್ಚಿ ತಲೆ ಕೊಡವಿದಳು. ಇನ್ನೊಮ್ಮೆ ತೆಗೆದರು... ಮತ್ತೊಮ್ಮೆ ತೆಗೆದರು... ಅದೇ ಉತ್ತರ.

ಮಾದಪ್ಪ ಹುಬ್ಬು ಗಂಟಿಕ್ಕಿದ. "ಹಸು ಅದೇಯ, ಇಲ್ಲ ಬದ್ಲಾಯ್ಸಿದ್ದೀರಾ?"

"ಇರಪ್ಪ, ಹಳೇ ಫೋಟೋ ತೆಗೆದು ನೋಡೋಣ" ಅಂದರು ಡಾಕ್ಟರ್. ಎರಡು ವರ್ಷದ ಹಿಂದೆ ಡೈರಿಯ ಮುಂದೆ ಊರ ಹಸುಗಳನ್ನೆಲ್ಲ ಸಾಲಾಗಿ ನಿಲ್ಲಿಸಿ, ವಿಮೆಗೆಂದು ಒಂದೊಂದರದೂ ತೆಗೆದ ಮೂಗಿನ ಫೋಟೋ ಅದು. ಅದನ್ನು ಸಾಕಮ್ಮನ ಮುಂದೆ ಹಿಡಿದರು. "ಇದು ನಿಮ್ಮ ಲಚ್ಚಿನೇ ತಾನೆ, ಅಮ್ಮ?"

ಸಾಕಮ್ಮ "ಹೂಂ" ಅನ್ನಲು ಬಾಯಿ ತೆರೆದಳು...

ಅನ್ನಲಾಗಲಿಲ್ಲ.

ಸ್ಕ್ರೀನ್ ತುಂಬ ಲಚ್ಚಿಯ ಮೂಗು. ಅದರ ಕೆಳಗೆ, ಮೂತಿಯನ್ನು ಎತ್ತಿ ಹಿಡಿದ ಒಂದು ಕೈ.

ಗೂಟ ಬಡಿಯುವಾಗ ಕಲ್ಲೇಟು ಬಿದ್ದು ಅರ್ಧ ಕಪ್ಪಾದ ಹೆಬ್ಬೆರಳ ಉಗುರು... ಮಣಿಕಟ್ಟಿನಲ್ಲಿ, ಅವಳೇ ಕಟ್ಟಿದ್ದ ಕಪ್ಪು ದಾರ...

ಅವತ್ತು ಫೋಟೋ ತೆಗೆಸಿ ಮನೆಗೆ ಬಂದವನು ನಕ್ಕಿದ್ದ. "ನಂದು ಹೆಬ್ಬೆಟ್ಟು, ಇವಳ್ದು ಮೂಗು. ಇಬ್ರಿಗೂ ಸೈನ್ ಹಾಕಕ್ ಬರಕಿಲ್ಲ ಕಣಮ್ಮಿ."

"ಇದು ಅವ್ರ ಕೈ" ಅಂದಳು ಸಾಕಮ್ಮ. ಧ್ವನಿ ಅವಳದೇ ಅನ್ನಿಸಲಿಲ್ಲ.

ಡಾಕ್ಟರ್ ಮೆಲ್ಲಗೆ ಹೇಳಿದರು, "ಅಮ್ಮ, ಈ ಸಲ ನೀವು ಹಿಡ್ಕೊಳ್ಳಿ. ನಿಮಗಾದ್ರೆ ನಿಲ್ತಾಳೆ."

ಸಾಕಮ್ಮ ಸೆರಗಿನಿಂದ ಅರಿಶಿನ ಒರೆಸಿದಳು. ಫೋಟೋದಲ್ಲಿ ಅವನ ಹೆಬ್ಬೆರಳು ಇದ್ದ ಜಾಗದಲ್ಲೇ ತನ್ನ ಹೆಬ್ಬೆರಳು ಇಟ್ಟಳು. ಲಚ್ಚಿ ಅಲ್ಲಾಡಲಿಲ್ಲ. ಅವಳ ಬಿಸಿ ಉಸಿರು ಅಂಗೈಗೆ ತಾಗಿತು.

'ಗುರುತು ಸಿಕ್ಕಿದೆ. ಹೆಸರು: ಲಚ್ಚಿ. ಮಾಲೀಕರು: ಜವರಯ್ಯ.'

ಡಾಕ್ಟರ್ ಅದನ್ನು ಗಟ್ಟಿಯಾಗಿ ಓದಿದರು. ಎಂಟು ತಿಂಗಳಿಂದ ಎಲ್ಲ ಕಾಗದದಲ್ಲೂ ಆ ಹೆಸರಿನ ಹಿಂದೆ 'ದಿವಂಗತ' ಅಂತ ಇರುತ್ತಿತ್ತು. ಇಲ್ಲಿ ಬರೀ ಜವರಯ್ಯ ಅಂತಿತ್ತು. ಅವನು ಹೋದದ್ದನ್ನು ಆ ಫೋನಿಗೆ ಯಾರೂ ಹೇಳಿರಲಿಲ್ಲ.

"ಸರಿ ಹಂಗಾರೆ... ಹೊಡ್ಕೊಂಡೋಗ್ಲಾ ಅವ್ವ?" ಅಂದ ಮಾದಪ್ಪ.

"ಉಹೂಂ."

ತಮ್ಮ ತಿರುಗಿ ನೋಡಿದ. ಅಕ್ಕ ಹಸುವಿನ ಕೊರಳಿಗೆ ಮುಖ ಒತ್ತಿ ಅಳುತ್ತಿದ್ದಳು... ಎಂಟು ತಿಂಗಳ ಅಳು ಅದು, ಬೇಗ ಮುಗಿಯುವುದಲ್ಲ. ಅವನು ಸಮಾಧಾನ ಮಾಡಲು ಹೋಗಲಿಲ್ಲ. ಪಕ್ಕದಲ್ಲಿ ನಿಂತು ತಾನೂ ಅತ್ತ.

ಮಾದಪ್ಪ ಹಗ್ಗವನ್ನು ತಾನೇ ಮತ್ತೆ ಗೂಟಕ್ಕೆ ಕಟ್ಟಿದ. "ಬುಡವ್ವ... ನಂಗೆ ಇನ್ನೊಂದ್ ಹಸು ಸಿಗ್ತದೆ."

ಹೊರಡುವಾಗ ಡಾಕ್ಟರ್ ಕೇಳಿದರು, "ಲಚ್ಚಿನ ನಿಮ್ಮ ಹೆಸರಿಗೆ ಬರ್ಕೊಳ್ಳಲಾ, ಅಮ್ಮ?"

ಸಾಕಮ್ಮ ಕಣ್ಣೊರೆಸಿಕೊಂಡಳು. ಸೆರಗಿನ ಅರಿಶಿನ ಕೆನ್ನೆಗೆಲ್ಲ ಹತ್ತಿತು.

"ನಾಳೆ ಬರ್ಕಳಿ ಕಣವ್ವ... ಇವತ್ತೊಂದಿನ ಅವ್ರ ಹೆಸ್ರಲ್ಲೇ ಇರ್ಲಿ."

*

ಅಳುವವರ ನೋವು ಊರಿಗೆಲ್ಲ ಕಾಣುತ್ತದೆ... ಎಲ್ಲದಕ್ಕೂ "ಹೂಂ" ಅನ್ನುವವರ ನೋವು ಯಾರ ಕಣ್ಣಿಗೂ ಬೀಳುವುದಿಲ್ಲ.

ನಿಮ್ಮ ಮನೆಯಲ್ಲಿ ಈಗ ಎಲ್ಲದಕ್ಕೂ "ಹೂಂ" ಅನ್ನುತ್ತಿರುವವರು ಯಾರು?