ಉಪುಲನಿಗೆ ಕಳಿಸಿದ ಪಟ್ಟಿ

ಮೂರನೇ ಭಾನುವಾರವೂ ಶತ್ರುಗಳು ಮೊದಲೇ ಸಿದ್ಧರಾಗಿ ಕೂತಿದ್ದರು. ದಿಲ್ರುಕ್ಷಿ ಗೋಡೆ ಹತ್ತುವ ವೀರರನ್ನು ಕಳಿಸಿದಳು. ಗೋಡೆಯ ಮೇಲೆಲ್ಲ ಕುದಿಯುವ ಎಣ್ಣೆ. ನಾಲ್ಕೇ ನಿಮಿಷದಲ್ಲಿ ಐವರೂ ಸತ್ತರು.

ಅವಳು ಮೊಬೈಲ್ ಕೆಳಗಿಟ್ಟಳು. ಆಟದ ನಲವತ್ತು ಪಾತ್ರಗಳಲ್ಲಿ ಒಂದೊಂದು ದಾಳಿಗೆ ಐದನ್ನು ಆರಿಸುವುದು ಅವಳ ಕೆಲಸ. ಮಾತರ ಊರಿನ ಅವಳ ಬಣದಲ್ಲಿ ಐವತ್ತು ಜನ ಆಟಗಾರರಿದ್ದರೂ, ದಾಳಿಗೆ ಮುಂಚೆ ಐದು ಹೆಸರು ತಿಳಿಯುತ್ತಿದ್ದುದು ಉಪುಲನೊಬ್ಬನಿಗೆ. ಶಾಲೆಯ ದಿನಗಳ ಗೆಳೆಯ. ಇಬ್ಬರೂ ಸೇರಿ ಕಟ್ಟಿದ ಬಣ. ಅವಳ ಅಮ್ಮ ಆಸ್ಪತ್ರೆಯಲ್ಲಿದ್ದ ಹನ್ನೊಂದು ದಿನವೂ ಬುತ್ತಿ ಹೊತ್ತು ತಂದವನು.

“ಗೊತ್ತಿರೋದು ಇಬ್ಬರಿಗೆ. ನೀನಂತೂ ಹೇಳಿಲ್ಲ,” ಎಂದ ಗಂಡ ಚಮತ್, ಚಹಾ ಮುಂದಿಡುತ್ತ.

“ಅವನು ಅಂಥೋನಲ್ಲ ರೀ.”

“ಇರಬಹುದು. ನಂಗೆ ನಿಮ್ಮ ಆಟಾನೇ ಅರ್ಥ ಆಗಲ್ಲ.”

ಇಡೀ ವಾರ ಅವಳಿಗೆ ಊಟ ರುಚಿಸಲಿಲ್ಲ. ಶನಿವಾರ ತೆಂಗಿನಕಾಯಿ ರೊಟ್ಟಿಗೆ ಹಿಟ್ಟು ನಾದುತ್ತಲೇ ನಿರ್ಧರಿಸಿದಳು.

“ಕೈಯೆಲ್ಲ ಹಿಟ್ಟು. ಪ್ರತಿ ಶನಿವಾರದ ಹಾಗೆ ನೀವೇ ಉಪುಲನಿಗೊಂದು ಮೆಸೇಜ್ ಹಾಕ್ರೀ. ನಾಳೆಗೆ ಐವರೂ ಬೆಂಕಿಬಾಣದವರು ಅಂತ.”

“ಬೆಂಕಿಬಾಣ ಅಂದ್ರೆ ಆ ಕೆಂಪು ಕೂದಲಿನ ಬಜಾರಿ ತಾನೆ?” ಚಮತ್ ನಗುತ್ತ ಒಂದೊಂದೇ ಅಕ್ಷರ ಒತ್ತಿದ.

ಅದು ಸುಳ್ಳು ಪಟ್ಟಿ. ನಿಜವಾದದ್ದನ್ನು ಅವಳು ಎಲ್ಲೂ ಬರೆಯಲಿಲ್ಲ, ಯಾರಿಗೂ ಹೇಳಲಿಲ್ಲ.

ಭಾನುವಾರ ಮಧ್ಯಾಹ್ನ ಶತ್ರುಗಳ ಕೋಟೆ ತೆರೆದುಕೊಂಡಿತು. ಬೆಂಕಿ ಆರಿಸಲೆಂದು ಒಳಗೆಲ್ಲ ನೀರು ತುಂಬಿಸಿದ್ದರು. ಅವಳು ಅಂಬಿಗನನ್ನೂ ನಾಲ್ವರು ಈಜುಗಾರರನ್ನೂ ಇಳಿಸಿದಳು. ಆರು ನಿಮಿಷದಲ್ಲಿ ಕೋಟೆ ಬಿತ್ತು. ಬಣದವರ ಜಯಕಾರ ಪರದೆ ತುಂಬಿತು. ಅವಳ ಕಣ್ಣು ಮಾತ್ರ ಉರಿಯುತ್ತಿತ್ತು. ಗೆಲುವೇ ಸಾಕ್ಷಿ.

ಸಂಜೆ ಉಪುಲ ಬಾಳೆಹಣ್ಣಿನ ಚಿಪ್ಪು ಹಿಡಿದು ಬಂದ.

“ಕಳ್ಳಿ, ಪಟ್ಟಿ ಬದಲಾಯಿಸಿದ್ದೀಯ. ನಂಗೂ ಹೇಳಲಿಲ್ವಲ್ಲೇ.”

“ಹೇಳಿದ್ರೆ ಇವತ್ತೂ ಸೋಲ್ತಿದ್ವಿ.”

ಅವನ ನಗು ಮೆಲ್ಲಗೆ ಇಳಿಯಿತು. “ನಾನೇ ಅವ್ರಿಗೆ ಹೇಳ್ದೆ ಅಂದ್ಕೊಂಡ್ಯಾ?”

“ಹದಿನೈದು ವರ್ಷ ನಂಬಿದ್ನಲ್ಲೋ, ಉಪುಲ.”

ಅವನು ಅವಳನ್ನು ನೋಡಿದ. ಅವಳ ಹಿಂದೆ ನಿಂತಿದ್ದ ಚಮತ್‌ನನ್ನು ನೋಡಿದ. ಹಣ್ಣನ್ನು ಜಗಲಿಯ ಮೇಲಿಟ್ಟು ಚಪ್ಪಲಿ ಮೆಟ್ಟಿದ. ಅವನು ಬೀದಿಯ ತಿರುವು ದಾಟುವುದರೊಳಗೆ ಅವಳು ಅವನ ಹೆಸರನ್ನು ಬಣದಿಂದ ತೆಗೆದುಹಾಕಿದಳು. ಆಮೇಲೆ ಅತ್ತಳು.

“ಬಿಡು,” ಎಂದ ಚಮತ್, ತಲೆ ಸವರುತ್ತ. “ನಾನಿದ್ದೀನಲ್ಲ.”

ಮರುದಿನ ಚಮತ್ ಕೆಲಸಕ್ಕೆ ಹೋದ ಮೇಲೆ ಫೋನ್ ಬಂತು. ಗಾಲೆ ಊರಿನಿಂದ, ಸೋತ ಬಣದ ನಾಯಕಿ.

“ಗೆದ್ರಿ, ಸಂತೋಷ. ಆದ್ರೆ ನಿಮ್ಮ ಯಜಮಾನ್ರು ಹೀಗೆ ಮಾಡಬಾರದಿತ್ತು. ಮೂರು ವಾರ ಸರಿಯಾದ ಪಟ್ಟಿ ಕಳಿಸಿ, ಕೊನೆಗೆ ಸುಳ್ಳು ಕಳಿಸಿ ಮುಳುಗಿಸಿಬಿಟ್ರಲ್ಲ.”

ದಿಲ್ರುಕ್ಷಿ ಕೇಳಿದಳು: “ಅದಕ್ಕೆ ಅವರು ಏನು ತಗೊಂಡ್ರು?”

“ಏನೂ ಇಲ್ಲಮ್ಮ. ಉಪುಲ ಅನ್ನೋನು ನಿಮ್ಮನೆಗೆ ಬರೋದು ನಿಂತ ದಿನ ಪಟ್ಟಿ ಕಳಿಸೋದೂ ನಿಲ್ಲುತ್ತೆ ಅಂದಿದ್ರು, ಅಷ್ಟೇ.”